ಕೊಳ್ಳುವ ಮೊದಲು ಸಣ್ಣ ಪಿಕಪ್ ಬಾಡಿಗೆಗೆ ತಗೊಂಡು ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಿಕಪ್ ಕೊಳ್ಳುವ ಮುಂಚೆ ಎರಡು ಸಲ ಬಾಡಿಗೆಗೆ ತಗೊಂಡು ನೋಡಿದವನು. ಮೊದಲ ಸಲ ತಗೊಂಡದ್ದು ನಾನು ಕೊಳ್ಳಬೇಕು ಅಂತ ಆಸೆಪಟ್ಟಿದ್ದ ಗಾಡಿ. ಎರಡನೇ ಸಲದ್ದು ನನಗೆ ನಿಜಕ್ಕೂ ಬೇಕಾಗಿದ್ದ ಗಾಡಿ. ಈ ವಿಷಯ ತಿಳಿದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವರು ಕೇಳುವ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ‘ಬಾಡಿ’ ಅಂದಾಗಲೆಲ್ಲ ಸಾಮಾನು ಹಾಕುವ ಹಿಂಭಾಗ ಅಂತ ತಿಳಿಯಿರಿ.

## ಮೊದಲ ಪ್ರಶ್ನೆಗಳು

ಟೆಸ್ಟ್ ಡ್ರೈವ್ ಸುಮ್ನೆ ಕೊಡ್ತಾರಲ್ಲ, ದುಡ್ಡು ಕೊಟ್ಟು ಬಾಡಿಗೆಗೆ ಯಾಕೆ ತಗೋಬೇಕು?

ಟೆಸ್ಟ್ ಡ್ರೈವ್‌ನಲ್ಲಿ ಗಾಡಿ ಖಾಲಿ ಇರುತ್ತದೆ. ರಸ್ತೆ ಅವರು ಆರಿಸಿದ್ದು. ಪಕ್ಕದಲ್ಲಿ ಮಾರುವವರು ಕೂತು ಮಾತಾಡುತ್ತಿರುತ್ತಾರೆ. ಹದಿನೈದು ನಿಮಿಷದಲ್ಲಿ ಎಸಿ ತಣ್ಣಗಿದೆಯಾ, ಸೀಟು ಮೆತ್ತಗಿದೆಯಾ ಅನ್ನುವುದಷ್ಟೇ ಗೊತ್ತಾಗುತ್ತದೆ.

ಪಿಕಪ್ ಕೊಳ್ಳುವುದು ಭಾರ ಹೊರಲಿಕ್ಕೆ. ಭಾರ ಹಾಕದೆ ನೋಡಿದರೆ ಅರ್ಧ ಗಾಡಿ ನೋಡಿದ ಹಾಗೆ. ಉಳಿದರ್ಧ ಕಾಣಬೇಕಾದರೆ ಅದು ನಿಮ್ಮ ಮನೆ ಮುಂದೆ ರಾತ್ರಿ ನಿಲ್ಲಬೇಕು, ನಿಮ್ಮ ಗೇಟಿನಲ್ಲಿ ನುಗ್ಗಬೇಕು, ನಿಮ್ಮ ಮೂಟೆ ಹೊರಬೇಕು. ಅದಕ್ಕೆ ಶೋರೂಮಿನವರು ಒಪ್ಪುವುದು ಕಷ್ಟ. ಬಾಡಿಗೆ ಕೊಡುವವರು ಒಪ್ಪುತ್ತಾರೆ, ಅವರ ಕಸುಬೇ ಅದು.

ಸಣ್ಣ ಪಿಕಪ್ ಅಂದ್ರೆ ಯಾವುದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಲ್ಲರೂ ಹೇಳುವುದು ಸರಿಯೇ, ಅದೇ ತೊಂದರೆ. ಜಪಾನಿನ ‘ಕೇ’ ಅನ್ನುವ ಪುಟ್ಟ ಜಾತಿಯ ಟ್ರಕ್‌ಗಳಿಗೆ ಅಲ್ಲಿನ ನಿಯಮದ ಮಿತಿ ಇದೆ: ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಹೊರುವ ಭಾರ 350 ಕೆ.ಜಿ. 2005ರಲ್ಲಿ ಬಂದ ಟಾಟಾ ಏಸ್ ಸುಮಾರು 3.8 ಮೀಟರ್ ಉದ್ದ, ಹೊರುವುದು ಮುಕ್ಕಾಲು ಟನ್ ಹತ್ತಿರ. ಫೋರ್ಡ್ ಮ್ಯಾವರಿಕ್ ಅನ್ನು ಅಮೆರಿಕದವರು ಸಣ್ಣದು ಅನ್ನುತ್ತಾರೆ, ಅದು 5 ಮೀಟರ್ ದಾಟುತ್ತದೆ. ಟೊಯೋಟಾ ಹೈಲಕ್ಸ್ ಅದಕ್ಕಿಂತ ಉದ್ದ, ಸುಮಾರು 5.3 ಮೀಟರ್. ಹೊರುವುದು ಒಂದು ಟನ್ ಆಸುಪಾಸು.

ಇಲ್ಲೊಂದು ತಮಾಷೆ ನೋಡಿ. ಮ್ಯಾವರಿಕ್ ಹೊರುವ ಮಿತಿ ಹೆಚ್ಚೆಂದರೆ 680 ಕೆ.ಜಿ. ಅಷ್ಟುದ್ದ ಗಾಡಿ, ಆದರೂ ಏಸ್‌ಗಿಂತ ಕಮ್ಮಿ! ಆ ಉದ್ದವೆಲ್ಲ ಐದು ಜನ ಆರಾಮಾಗಿ ಕೂರಲಿಕ್ಕೆ ಹೋಗಿದೆ. ಗಾಡಿ ಎಷ್ಟು ದೊಡ್ಡದು ಅನ್ನುವುದಕ್ಕೂ ಎಷ್ಟು ಹೊರುತ್ತದೆ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಸಾಗಿಸಬೇಕಾದ್ದು ಜನರನ್ನೋ ಸಾಮಾನನ್ನೋ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ.

ಎಷ್ಟು ದಿನಕ್ಕೆ ತಗೊಂಡ್ರೆ ಸಾಕು? ಒಂದಿನ ಸಾಲದಾ?

ಒಂದು ದಿನದಲ್ಲಿ ಖುಷಿಯಷ್ಟೇ ಸಿಗುತ್ತದೆ. ಎತ್ತರದಲ್ಲಿ ಕೂತು ಓಡಿಸುವುದೇ ಹೊಸತು ಅಲ್ವಾ? ಮೂರನೇ ದಿನದ ಹೊತ್ತಿಗೆ ಆ ಹೊಸತು ಕಳೆಯುತ್ತದೆ. ಪಾರ್ಕಿಂಗ್‌ನಲ್ಲಿ ಎರಡನೇ ಸಲ ಹಿಂದೆ ಮುಂದೆ ಮಾಡುವಾಗ ಸಣ್ಣಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೂ ಸ್ವಲ್ಪ ಸಮಯ ಕೊಡಿ.

ನನ್ನ ಲೆಕ್ಕದಲ್ಲಿ ನಾಲ್ಕರಿಂದ ಏಳು ದಿನ ಬೇಕು. ಅದರಲ್ಲಿ ಕೆಲಸದ ದಿನವೂ ಇರಲಿ, ರಜೆಯೂ ಇರಲಿ. ಅಷ್ಟು ಆಗದಿದ್ದರೆ ಎರಡು ಪೂರ್ತಿ ದಿನ. ಸಾಧ್ಯವಾದರೆ ಮಳೆಗಾಲದಲ್ಲಿ ತಗೊಳ್ಳಿ. ಒಣ ರಸ್ತೆಯಲ್ಲಿ ಎಲ್ಲಾ ಪಿಕಪ್ಪೂ ಒಳ್ಳೆಯದೇ.

ನಾನು ಕೊಳ್ಳಬೇಕು ಅಂದ್ಕೊಂಡಿರೋ ಮಾಡೆಲ್ಲೇ ಬಾಡಿಗೆಗೆ ಸಿಗ್ತಿಲ್ಲ. ಏನ್ ಮಾಡ್ಲಿ?

ಅದರ ನೆಂಟನನ್ನು ಹುಡುಕಿ. ನೋಡಬೇಕಾದ್ದು ಮೂರು ಸಂಗತಿ: ಬಾಡಿಯ ಉದ್ದ, ಕ್ಯಾಬಿನ್ ಸಿಂಗಲ್ಲೋ (ಒಂದೇ ಸಾಲು ಸೀಟು) ಡಬಲ್ಲೋ (ಎರಡು ಸಾಲು), ಅಡಿಯಲ್ಲಿ ಲಾರಿಯಂಥ ಚಾಸಿ, ಅಂದರೆ ಬೇರೆಯೇ ಉಕ್ಕಿನ ಚೌಕಟ್ಟು, ಇದೆಯೋ ಕಾರಿನಂತೆ ಒಂದೇ ಕಟ್ಟಿನ ದೇಹವೋ. ಹೈಲಕ್ಸ್, ಇಸುಜು ಡಿ-ಮ್ಯಾಕ್ಸ್ ಚಾಸಿಯವು. ಮ್ಯಾವರಿಕ್, ಹ್ಯುಂಡೈ ಸ್ಯಾಂಟಾ ಕ್ರೂಜ್ ಕಾರಿನ ಜಾತಿಯವು. ಈ ಮೂರು ಹೊಂದಿದರೆ ಕಂಪನಿ ಬೇರೆಯಾದರೂ ನೀವು ಕಲಿಯುವುದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ. ಸೀಟು, ಸ್ಟೇರಿಂಗ್, ಸದ್ದು ನೋಡಲು ಆಮೇಲೆ ಟೆಸ್ಟ್ ಡ್ರೈವ್ ಇದ್ದೇ ಇದೆ.

ಕಾರಿನ ಲೈಸೆನ್ಸ್ ಸಾಕಾಗುತ್ತಾ?

ಸಾಮಾನ್ಯವಾಗಿ ಸಾಕು. ಲೈಸೆನ್ಸ್ ನೋಡುವುದು ಗಾಡಿಯ ಒಟ್ಟು ತೂಕದ ಮಿತಿಯನ್ನು, ಅಂದರೆ ಗಾಡಿ ಮತ್ತು ಅದು ಹೊರಬಹುದಾದ ಭಾರ ಸೇರಿ. ಯುರೋಪಿನ ಮಾಮೂಲಿ ಕಾರ್ ಲೈಸೆನ್ಸ್‌ಗೆ ಆ ಮಿತಿ 3,500 ಕೆ.ಜಿ. ಸಣ್ಣ ಪಿಕಪ್‌ಗಳು ಅದರೊಳಗೇ ಬರುತ್ತವೆ. ನಿಮ್ಮ ಕಡೆಯ ಮಿತಿ ನೋಡಿಕೊಳ್ಳಿ. ಬಾಡಿಗೆಯವರು ಇಷ್ಟು ವಯಸ್ಸು, ಇಷ್ಟು ವರ್ಷದ ಲೈಸೆನ್ಸ್ ಇರಬೇಕು ಅಂತ ತಮ್ಮದೇ ಷರತ್ತು ಹಾಕುವುದೂ ಇದೆ.

## ಕರಾರು, ವಿಮೆ, ಕೀ

ನನ್ನ ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಬಾಡಿಗೆ ಪಿಕಪ್‌ಗೂ ಅದೇ ನಡೆಯುತ್ತಲ್ವಾ?

ನಡೆಯುತ್ತದೆ ಅಂತ ನಂಬಿ ಹೊರಡಬೇಡಿ. ಬಾಡಿಗೆ ಕಾರಿಗೆ ರಕ್ಷಣೆ ಕೊಡುವ ಪಾಲಿಸಿಗಳು, ಕ್ರೆಡಿಟ್ ಕಾರ್ಡ್‌ಗಳು ಸರಕು ಗಾಡಿಯನ್ನು ಹೊರಗಿಡುವುದು ತುಂಬಾ ಮಾಮೂಲು. ವಿಮೆಯವರಿಗೆ ಒಂದು ಫೋನ್ ಮಾಡಿ ‘ಪಿಕಪ್’ ಅನ್ನುವ ಪದವನ್ನೇ ಬಳಸಿ ಕೇಳಿ. ‘ಬಾಡಿಗೆ ಗಾಡಿ’ ಅಂದರೆ ಅವರು ಕಾರು ಅಂತಲೇ ತಿಳಿದು ಹೂಂ ಅಂದುಬಿಡುತ್ತಾರೆ.

ಬಾಡಿಗೆಯವರ ವಿಮೆ ತಗೊಂಡರೂ ಎರಡು ವಿಷಯ ಕೇಳಿ. ಅಪಘಾತವಾದರೆ ನಿಮ್ಮ ಕೈಯಿಂದ ಹೋಗುವುದು ಎಷ್ಟು? ಟೈರು, ಗಾಜು, ಗಾಡಿಯ ತಳ ಸೇರಿದೆಯಾ? ಪಿಕಪ್ ಹೋಗುವ ಜಾಗಗಳಲ್ಲಿ ಮೊದಲು ಏಟು ತಿನ್ನುವುದು ಇವೇ. ನೀವು ಸಾಗಿಸುವ ಸಾಮಾನಿಗೆ ವಿಮೆ ಬೇರೆಯೇ ಇರುತ್ತದೆ.

ಕರಾರು ಪತ್ರ ಪುಟಗಟ್ಟಲೆ ಇದೆ, ಯಾವುದನ್ನ ಓದಬೇಕು?

ದಿನಕ್ಕೆ ಎಷ್ಟು ಕಿ.ಮೀ. ಉಚಿತ, ಅದರ ಮೇಲೆ ಹೋದರೆ ಎಷ್ಟು ಅನ್ನುವುದನ್ನು ಮೊದಲು ಓದಿ. ಬಾಡಿಗೆ ಕಮ್ಮಿ ಕಂಡರೆ ಕಿ.ಮೀ. ದರದಲ್ಲಿ ವಸೂಲಿ ಇರುತ್ತದೆ. ಆಮೇಲೆ ನಿಷೇಧಗಳು: ಮಣ್ಣು ರಸ್ತೆ, ಟ್ರೈಲರ್ ಎಳೆಯುವುದು, ಮಿತಿ ಮೀರಿ ಭಾರ, ಬೇರೆಯವರು ಓಡಿಸುವುದು. ಇವುಗಳಲ್ಲಿ ಒಂದನ್ನು ಮುರಿದರೂ ವಿಮೆ ಬಿದ್ದುಹೋಗಬಹುದು. ನಿಮ್ಮ ಜಮೀನಿಗೆ ಹೋಗುವ ದಾರಿ ಮಣ್ಣಿನದಾದರೆ ಮುಚ್ಚಿಡಬೇಡಿ, ಕೇಳಿ, ಬರೆಸಿಕೊಳ್ಳಿ. ಪ್ರಯೋಗಕ್ಕೇ ತಗೊಂಡ ಗಾಡಿಯನ್ನು ಬೇಕಾದ ಕಡೆಗೇ ಒಯ್ಯಲಾಗದಿದ್ದರೆ ಏನು ಬಂತು?

ಇಬ್ಬರೂ ಓಡಿಸುವ ಮನೆಯಾದರೆ ಎರಡನೆಯವರ ಹೆಸರನ್ನೂ ಸೇರಿಸಿ.

ಗಾಡಿ ಕೈಗೆ ತಗೊಳ್ಳುವಾಗ ಏನೇನು ನೋಡ್ಕೋಬೇಕು?

ಸುತ್ತಲೂ ವೀಡಿಯೊ ಮಾಡಿ. ಬಾಡಿಯ ಒಳಭಾಗವನ್ನು ಮರೆಯುವವರೇ ಜಾಸ್ತಿ. ಅಲ್ಲಿ ಮೊದಲೇ ಇದ್ದ ಗೀರು, ತಗ್ಗು ಎಲ್ಲಾ ಬರಲಿ. ನಾನು ಒಮ್ಮೆ ಬಿಟ್ಟಿದ್ದೆ. ವಾಪಸ್ ಕೊಡುವಾಗ ಹಿಂದಿನ ಡೋರಿನ ಒಂದು ಹಳೇ ತಗ್ಗು ನನ್ನ ತಲೆಗೆ ಬಂತು. ನನ್ನದಲ್ಲ ಅಂತ ತೋರಿಸಲು ಫೋಟೋ ಇರಲಿಲ್ಲ, ದುಡ್ಡು ಕಟ್ಟಿ ಬಂದೆ. ಸ್ಟೆಪ್ನಿ, ಜಾಕ್ ಇದೆಯಾ, ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತಲೂ ನೋಡಿ. ಹಗ್ಗ, ಟಾರ್ಪಾಲು ನೀವೇ ಒಯ್ಯಿರಿ.

## ಗಾಡಿ ಮನೆಗೆ ಬಂದ ಮೇಲೆ

ಇಷ್ಟು ದಿನದಲ್ಲಿ ಏನೇನು ಪರೀಕ್ಷೆ ಮಾಡ್ಬೇಕು? ಒಂದು ಪಟ್ಟಿ ಕೊಡಿ.

ಪಟ್ಟಿ ಬೇಡ. ನಿಮ್ಮ ಮಾಮೂಲಿ ವಾರವನ್ನು ಈ ಗಾಡಿಯಲ್ಲಿ ಕಳೆಯಿರಿ. ಬಾಡಿಗೆಗೆ ತಂದೆವಲ್ಲ ಅಂತ ಬೆಟ್ಟ ಹತ್ತಲು ಹೋಗುವವರಿದ್ದಾರೆ. ಆಮೇಲೆ ಐದು ವರ್ಷ ಅವರು ಬೆಟ್ಟದ ಕಡೆ ತಲೆಯೂ ಹಾಕುವುದಿಲ್ಲ. ನೀವು ದಿನಾ ಹೋಗುವ ಕೆಲಸ, ಸಂತೆ, ಮಕ್ಕಳ ಶಾಲೆ, ಇವೇ ನಿಜವಾದ ಪರೀಕ್ಷೆ.

ಅದರ ಜೊತೆಗೆ ಒಂದು ದಿನ ಮಾತ್ರ ನಿಮ್ಮ ಅತಿ ಕಷ್ಟದ ಲೋಡ್‌ಗೆ ಇಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಬರುವ ಕನಸಿನ ಲೋಡ್ ಬೇಡ, ತಿಂಗಳಿಗೊಮ್ಮೆಯಾದರೂ ಬರುವಂಥದ್ದು ಇರಲಿ. ಅದನ್ನು ನಿಮ್ಮ ಕೈಯಾರೆ ಹತ್ತಿಸಿ, ನಿಮ್ಮ ಕೈಯಾರೆ ಇಳಿಸಿ.

ನನಗೆ ಕಣ್ಣು ತೆರೆದದ್ದು ಅಲ್ಲೇ. ನಾನು ಮೊದಲು ತಂದದ್ದು ಎತ್ತರದ ಡಬಲ್ ಕ್ಯಾಬ್, ನೋಡಲು ಭರ್ಜರಿ. ಹನ್ನೆರಡು ಮೂಟೆ ಹತ್ತಿಸುವಷ್ಟರಲ್ಲಿ ಭುಜ ಬಿದ್ದುಹೋಯಿತು. ಬಾಡಿಯ ನೆಲ ಸೊಂಟ ಹತ್ತಿರ, ಪಕ್ಕದ ಗೋಡೆ ಎದೆ ಮಟ್ಟ. ಪಕ್ಕದಿಂದ ಕೈ ಹಾಕಿದರೆ ನಡುವೆ ಇಟ್ಟ ಸಾಮಾನು ಎಟುಕುವುದಿಲ್ಲ, ಪ್ರತಿ ಸಲ ಒಳಗೆ ಹತ್ತಬೇಕು. ಸುಜುಕಿ ಕ್ಯಾರಿಯಂಥ ಕೇ ಟ್ರಕ್‌ಗಳಲ್ಲಿ ಆ ನೆಲ ಸುಮಾರು 65 ಸೆಂ.ಮೀ. ಎತ್ತರದಲ್ಲಿರುತ್ತದೆ, ಮೂರು ಕಡೆಯ ಗೋಡೆಯೂ ಕೆಳಗೆ ಬೀಳುತ್ತದೆ. ದಿನಕ್ಕೆ ಹತ್ತು ಸಲ ಎತ್ತಿಳಿಸುವವರಿಗೆ ಎಂಜಿನ್ನಿನ ಶಕ್ತಿಗಿಂತ ಈ 65 ಮುಖ್ಯ. ಬ್ರೋಶರ್‌ಗಳಲ್ಲಿ ಇದನ್ನು ಹುಡುಕಬೇಕು. ಎಂಜಿನ್ ಶಕ್ತಿ ಮಾತ್ರ ಮೊದಲ ಪುಟದಲ್ಲೇ ಇರುತ್ತದೆ.

ತಿರುಗಿಸಿಯೂ ನೋಡಿ. ಏಸ್ 4.3 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಡಬಲ್ ಕ್ಯಾಬ್ ಹೈಲಕ್ಸ್‌ಗೆ 6 ಮೀಟರಿಗೂ ಜಾಸ್ತಿ ಬೇಕು. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ನಿಮ್ಮ ಬೀದಿಯ ಕೊನೆಯಲ್ಲಿ ಒಂದೇ ಏಟಿಗೆ ತಿರುಗಿತಾ, ಮೂರು ಸಲ ರಿವರ್ಸ್ ಹಾಕಬೇಕಾಯಿತಾ ಅನ್ನುವುದೇ ಆ ವ್ಯತ್ಯಾಸ.

ರಾತ್ರಿ ಒಮ್ಮೆ, ಮಳೆಯಲ್ಲಿ ಒಮ್ಮೆ, ಲೋಡ್ ಇಟ್ಟು ಏರಿನಲ್ಲಿ ನಿಲ್ಲಿಸಿ ಹೊರಡುವುದು ಒಮ್ಮೆ. ಇಷ್ಟು ಸಾಕು.

ಖಾಲಿ ಇದ್ದಾಗ ಗಾಡಿ ಕುಣಿಯುತ್ತೆ, ಬೆನ್ನು ನೋವು ಬಂತು. ಗಾಡಿ ಕೆಟ್ಟಿದೆಯಾ?

ಕೆಟ್ಟಿರಲಿಕ್ಕಿಲ್ಲ. ಹೆಚ್ಚಿನ ಪಿಕಪ್‌ಗಳ ಹಿಂದೆ ಇರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಪೂರ್ತಿ ಭಾರ ಹೊರುವಷ್ಟು ಗಟ್ಟಿಯಾಗಿ ಮಾಡಿದ ಸ್ಪ್ರಿಂಗು ಖಾಲಿ ಇದ್ದಾಗ ಬಗ್ಗುವುದೇ ಇಲ್ಲ. ಪ್ರತಿ ಗುಂಡಿಯೂ ನೇರ ಸೀಟಿಗೆ ಬರುತ್ತದೆ. ನೂರೈವತ್ತು ಇನ್ನೂರು ಕೆ.ಜಿ. ಹಾಕಿ ನೋಡಿ, ಅದೇ ಗಾಡಿ ಶಾಂತವಾಗುತ್ತದೆ.

ಟೈರಿನ ಗಾಳಿಯನ್ನೂ ನೋಡಿ. ಬಾಗಿಲಿನ ಕಂಬದ ಸ್ಟಿಕ್ಕರ್‌ನಲ್ಲಿ ಖಾಲಿಗೆ ಒಂದು, ಲೋಡ್‌ಗೆ ಒಂದು ಅಳತೆ ಕೊಟ್ಟಿದ್ದರೆ, ಯಾರೋ ಲೋಡಿನ ಅಳತೆಗೆ ತುಂಬಿಸಿ ಬಿಟ್ಟಿರಬಹುದು. ಮಳೆಯಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಹಗುರ, ಬ್ರೇಕ್ ಜೋರಾಗಿ ಒತ್ತಿದರೆ, ತಿರುವಿನಲ್ಲಿ ಎಕ್ಸಲರೇಟರ್ ಜೋರಾಗಿ ತುಳಿದರೆ ಜಾರುತ್ತದೆ. ವರ್ಷದಲ್ಲಿ ಹೆಚ್ಚಿನ ದಿನ ಖಾಲಿಯಾಗೇ ಓಡಿಸುವವರು ಕಾರಿನ ಜಾತಿಯ ಪಿಕಪ್ಪನ್ನೂ ಒಮ್ಮೆ ಬಾಡಿಗೆಗೆ ತಗೊಂಡು ನೋಡುವುದು ಒಳ್ಳೆಯದು.

ಬಾಡಿ ತುಂಬೋವರೆಗೂ ಹಾಕಬಹುದಲ್ವಾ? ಅಷ್ಟು ಜಾಗ ಕೊಟ್ಟಿರೋದು ಅದಕ್ಕೇ ತಾನೇ?

ಹುಲ್ಲು, ಹತ್ತಿ, ಖಾಲಿ ಕ್ರೇಟು ಆದರೆ ಹೌದು. ಮರಳು, ಜಲ್ಲಿ, ಇಟ್ಟಿಗೆ ಆದರೆ ಖಂಡಿತಾ ಅಲ್ಲ.

ಲೆಕ್ಕ ಹಾಕಿ. ಬಾಡಿ 2.2 ಮೀಟರ್ ಉದ್ದ, 1.5 ಮೀಟರ್ ಅಗಲ ಅಂತಿಟ್ಟುಕೊಳ್ಳಿ, 3.3 ಚದರ ಮೀಟರ್. ಒಣ ಮರಳು ಒಂದು ಘನ ಮೀಟರಿಗೆ ಸುಮಾರು 1,600 ಕೆ.ಜಿ. ಗಾಡಿಯ ಮಿತಿ 750 ಕೆ.ಜಿ. ಆದರೆ ಮರಳು ಹರಡಬಹುದಾದ ಎತ್ತರ ಬರೀ 14 ಸೆಂ.ಮೀ. ಒಂದು ಗೇಣೂ ಇಲ್ಲ! ಒದ್ದೆ ಮರಳಾದರೆ ಇನ್ನೂ ಕಮ್ಮಿ. 30 ಸೆಂ.ಮೀ. ಎತ್ತರದ ಬಾಡಿಯ ಅಂಚಿನವರೆಗೆ ತುಂಬಿದರೆ ಒಂದೂವರೆ ಟನ್ ದಾಟುತ್ತದೆ, ಅಂದರೆ ಮಿತಿಯ ಎರಡು ಪಟ್ಟು.

ಹೊರುವ ಮಿತಿ ಅಂದರೆ ಒಟ್ಟು ತೂಕದ ಮಿತಿಯಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು. ಅದರಲ್ಲಿ ಪಕ್ಕದಲ್ಲಿ ಕೂತವರು, ಟೂಲ್ ಬಾಕ್ಸ್, ಬಾಡಿಯ ಮೇಲಿನ ಕಬ್ಬಿಣದ ಚೌಕಟ್ಟು ಎಲ್ಲಾ ಸೇರುತ್ತದೆ. ಡಬಲ್ ಕ್ಯಾಬ್‌ನಲ್ಲಿ ನಾಲ್ಕು ಜನ ದೊಡ್ಡವರು ಕೂತರೆ ಅಲ್ಲೇ 300 ಕೆ.ಜಿ. ಹತ್ತಿರ ಮುಗಿಯಿತು.

ಭಾರ ಎಲ್ಲಿಡುತ್ತೀರಿ ಅನ್ನುವುದೂ ಅಷ್ಟೇ ಮುಖ್ಯ. ತೂಕದ್ದು ಕ್ಯಾಬಿನ್ ಕಡೆಗೆ, ತಳದಲ್ಲಿ. ಹಿಂದಿನ ಚಕ್ರದ ಆಚೆಗೆ ಭಾರ ಇಟ್ಟರೆ ಮೂತಿ ಮೇಲೇಳುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಹಾಗನ್ನಿಸಿದ ಕೂಡಲೇ ನಿಲ್ಲಿಸಿ, ಸರಿಸಿ. ಬಾಡಿಗೆ ಗಾಡಿಯಲ್ಲಿ ಮಿತಿ ಮೀರಿ ಹಾಕಿ ‘ತಡೆಯುತ್ತಾ ನೋಡೋಣ’ ಅನ್ನುವ ಪ್ರಯೋಗ ಬೇಡ. ಮಿತಿಯ ಮುಕ್ಕಾಲು ಪಾಲು ಹಾಕಿದಾಗ ಬ್ರೇಕು ಹೇಗೆ ಹಿಡಿಯುತ್ತದೆ, ಏರಿನಲ್ಲಿ ಎಷ್ಟನೇ ಗೇರಿಗೆ ಇಳಿಯುತ್ತದೆ ಅಂತ ನೋಡಿದರೆ ಬೇಕಾದ್ದೆಲ್ಲ ಗೊತ್ತಾಗುತ್ತದೆ.

ಪ್ಲೈವುಡ್ ಶೀಟು, ಪೈಪು, ಏಣಿ ಹಿಡಿಸುತ್ತಾ?

ಟೇಪು ಹಿಡಿದು ಅಳೆಯಿರಿ. ಮಾಮೂಲಿ ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ, ಅಂದರೆ 2.44 ಮೀಟರಿಗೆ 1.22. ಬಾಡಿಯ ಒಳಗೆ ಚಕ್ರದ ಉಬ್ಬುಗಳಿದ್ದರೆ ಅವುಗಳ ನಡುವಿನ ಜಾಗ ಅಳೆಯಿರಿ. ಮ್ಯಾವರಿಕ್‌ನಲ್ಲಿ ಅದು ಸುಮಾರು 108 ಸೆಂ.ಮೀ., ಶೀಟು ಮಟ್ಟಸವಾಗಿ ಕೂರುವುದಿಲ್ಲ. ಉಬ್ಬಿನ ಮೇಲೆ ಮಲಗಿಸಿ, ಹಿಂದಿನ ಡೋರನ್ನು ಅರ್ಧಕ್ಕೆ ನಿಲ್ಲಿಸಿ ಒಯ್ಯಬೇಕು. ಸಪಾಟು ನೆಲದ ಬಾಡಿ ಇರುವ ಚಿಕ್ಕ ಗೂಡ್ಸ್ ಗಾಡಿಗಳಿಗೆ ಈ ತಾಪತ್ರಯ ಇಲ್ಲ.

ಡಬಲ್ ಕ್ಯಾಬ್‌ಗಳ ಬಾಡಿ ಸಾಮಾನ್ಯವಾಗಿ ಒಂದೂವರೆ ಮೀಟರ್ ಉದ್ದ. ಆರು ಮೀಟರಿನ ಪೈಪಿಗೆ ಅದು ಎಲ್ಲಿ ಸಾಕು? ಸಾಮಾನು ಹಿಂದೆ ಚಾಚಿದರೆ ತುದಿಗೆ ಕೆಂಪು ಬಟ್ಟೆ ಕಟ್ಟಿ, ಕತ್ತಲಾದರೆ ಕೆಂಪು ದೀಪ. ಎಷ್ಟು ಚಾಚಬಹುದು ಅನ್ನುವುದಕ್ಕೆ ಒಂದೊಂದು ಕಡೆ ಒಂದೊಂದು ನಿಯಮ. ಬಾಡಿಯಲ್ಲಿ ಹಗ್ಗ ಕಟ್ಟುವ ಕೊಕ್ಕೆಗಳು ಎಷ್ಟಿವೆ, ಎಲ್ಲಿವೆ ಅಂತಲೂ ನೋಡಿ. ನಾಲ್ಕೇ ಕೊಕ್ಕೆ, ಅದೂ ಮೂಲೆಗಳಲ್ಲಿ ಇದ್ದರೆ ಚಿಕ್ಕ ಸಾಮಾನು ಕಟ್ಟುವುದು ದೊಡ್ಡ ತಲೆನೋವು.

ಮೈಲೇಜ್ ಸರಿಯಾಗಿ ತಿಳ್ಕೊಳ್ಳೋದು ಹೇಗೆ?

ಟ್ಯಾಂಕ್ ಪೂರ್ತಿ ತುಂಬಿಸಿ, ಕಿ.ಮೀ. ಬರೆದಿಡಿ. ಕೊನೆಗೆ ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ, ಹಿಡಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡ್ ಹೇಳುವುದನ್ನು ಪಕ್ಕಕ್ಕಿಡಿ. 200 ಕಿ.ಮೀ.ಗಿಂತ ಕಮ್ಮಿ ಓಡಿಸಿದರೆ ಈ ಲೆಕ್ಕ ನೆಚ್ಚಬೇಡಿ, ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಮ್ಮಿ ಆದರೂ ಉತ್ತರ ಬದಲಾಗುತ್ತದೆ.

ನನಗೆ ಇಷ್ಟ ಆಯ್ತು, ಮನೆಯವರು ಬೇಡ ಅಂತಿದ್ದಾರೆ.

ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಗಂಟೆ ಓಡಿಸಿ, ಆಮೇಲೆ ನೀವು ಹಿಂದೆ ಕೂತು ಅವರಿಗೆ ಸ್ಟೇರಿಂಗ್ ಕೊಡಿ. ಡಬಲ್ ಕ್ಯಾಬ್‌ಗಳ ಹಿಂದಿನ ಸೀಟಿನ ಬೆನ್ನು ನೆಟ್ಟಗಿರುತ್ತದೆ, ಹಿಂದೆ ಗೋಡೆ ಇರುವುದರಿಂದ ಒರಗಲು ಜಾಗವಿಲ್ಲ. ಬಹಳ ಸಲ ಬೇಡ ಅನ್ನುವವರ ಮಾತಿನಲ್ಲೇ ಹುರುಳಿರುತ್ತದೆ. ನಮ್ಮ ಮನೆಯಲ್ಲಿ ‘ತರಕಾರಿ ಚೀಲ ಎಲ್ಲಿಡೋದು?’ ಅಂದರು. ನಾನು ಹಿಂದೆ ಅಂದೆ. ಮಳೆ ಬಂತು.

## ಇನ್ನೂ ಆಳದ ಪ್ರಶ್ನೆಗಳು

ಎಲೆಕ್ಟ್ರಿಕ್ ಪಿಕಪ್ ಆದ್ರೆ ಪರೀಕ್ಷೆ ಬೇರೆ ಥರ ಇರಬೇಕಾ?

ಹೌದು, ಲೋಡ್ ಇಟ್ಟು ನಿಮ್ಮ ಅತಿ ಉದ್ದದ ದಿನವನ್ನು ಓಡಿಸಲೇಬೇಕು. ಭಾರ, ಏರು, ಎಸಿ, ಚಳಿ, ಹೈವೇ ವೇಗ ಎಲ್ಲವೂ ದೂರವನ್ನು ತಿನ್ನುತ್ತವೆ. ಬಾಡಿಯ ಮೇಲೆ ಎತ್ತರಕ್ಕೆ ಸಾಮಾನು ಪೇರಿಸಿದರೆ ಗಾಳಿಯ ತಡೆ ಹೆಚ್ಚಿ ಇನ್ನಷ್ಟು ಹೋಗುತ್ತದೆ. ಪೇಟೆಯೊಳಗೆ ನಿಂತು ನಿಂತು ಓಡಿಸುವವರಿಗೆ ಲಾಭವಿದೆ, ಬ್ರೇಕ್ ಹಾಕಿದಾಗ ಸ್ವಲ್ಪ ಚಾರ್ಜು ವಾಪಸ್ ಬರುತ್ತದೆ. ರಾತ್ರಿ ಮನೆಯ ಪ್ಲಗ್ಗಿನಲ್ಲೇ ಹಾಕಿ ಬೆಳಿಗ್ಗೆಗೆ ಎಷ್ಟು ತುಂಬಿತು ಅಂತ ನೋಡಿ. ಬಾಡಿಗೆಗೆ ತರುವ ಮುಖ್ಯ ಲಾಭವೇ ಇದು.

ಬಾಡಿಗೆ ಗಾಡಿ ಸವೆದಿರುತ್ತೆ. ಅದನ್ನ ನೋಡಿ ಹೊಸದನ್ನ ಅಳೆಯೋದು ಹೇಗೆ?

ಸವೆಯುವುದನ್ನೂ ಸವೆಯದ್ದನ್ನೂ ಬೇರೆ ಮಾಡಿ. ಕ್ಲಚ್ ಗಟ್ಟಿ, ಬಾಗಿಲು ಗಡಗಡ, ಸೀಟು ಕುಸಿದಿದೆ, ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ, ಇವೆಲ್ಲ ಆ ಒಂದು ಗಾಡಿಯ ಕಥೆ. ಬಾಡಿಯ ಎತ್ತರ, ತಿರುವಿನ ಅಳತೆ, ಮುಂದಿನ ಗಾಜಿನ ಪಕ್ಕದ ಕಂಬದ ಮರೆಯಲ್ಲಿ ಕಾಣದೆ ಹೋಗುವ ಜಾಗ, ಮೊಣಕಾಲು ತಾಗುವ ಡ್ಯಾಶ್‌ಬೋರ್ಡು, ಇವು ಹೊಸದರಲ್ಲೂ ಹೀಗೇ ಇರುತ್ತವೆ. ಎರಡನೇ ಬಗೆಯದ್ದನ್ನಷ್ಟೇ ಬರೆದಿಡಿ.

ಸವೆದ ಗಾಡಿ ಒಂದು ಉಪಕಾರವನ್ನೂ ಮಾಡುತ್ತದೆ. ನಾಲ್ಕು ವರ್ಷ ದುಡಿದ ಮೇಲೆ ನಿಮ್ಮದು ಎಲ್ಲೆಲ್ಲಿ ತುಕ್ಕು ಹಿಡಿಯುತ್ತದೆ, ಯಾವ ಹಿಡಿ ಮುರಿಯುತ್ತದೆ ಅಂತ ಈಗಲೇ ತೋರಿಸುತ್ತದೆ.

ಕೊನೆಗೆ ಕೊಳ್ಳೋದಾ, ಬೇಕಾದಾಗ ಬಾಡಿಗೆಗೆ ತರೋದಾ? ಲೆಕ್ಕ ಹೇಗೆ?

ದಿನದ ಬಾಡಿಗೆಯನ್ನೇ ಅಳತೆಗೋಲು ಮಾಡಿಕೊಳ್ಳಿ. ಸ್ವಂತ ಗಾಡಿಯನ್ನು ಮುಟ್ಟದೆ ನಿಲ್ಲಿಸಿದರೂ ವರ್ಷಕ್ಕೆ ಖರ್ಚಾಗುವುದನ್ನು ಕೂಡಿಸಿ: ಬೆಲೆ ಇಳಿಯುವುದು, ವಿಮೆ, ತೆರಿಗೆ, ಸರ್ವಿಸ್, ಸಾಲದ ಬಡ್ಡಿ. ಅದನ್ನು ಒಂದು ದಿನದ ಬಾಡಿಗೆಯಿಂದ ಭಾಗಿಸಿ. 60 ಬಂತು ಅನ್ನಿ. ಹಾಗಾದರೆ ವರ್ಷಕ್ಕೆ 60 ದಿನಕ್ಕಿಂತ ಹೆಚ್ಚು ಪಿಕಪ್ ಬೇಕಾದವರಿಗೆ ಮಾತ್ರ ಕೊಳ್ಳುವುದು ಲಾಭ. ಇಂಧನ ಎರಡೂ ಕಡೆ ಇದೆ, ಬಿಟ್ಟುಬಿಡಿ. ಇರುವ ಕಾರನ್ನು ಮಾರಿ ಪಿಕಪ್ ಒಂದನ್ನೇ ಇಟ್ಟುಕೊಳ್ಳುವುದಾದರೆ ಲೆಕ್ಕ ಬೇರೆ, ಕಾರಿನ ಖರ್ಚನ್ನು ಕಳೆದು ಭಾಗಿಸಿ.

ಎಷ್ಟು ದಿನ ಬೇಕು ಅಂತ ಊಹೆ ಮಾಡಬೇಡಿ, ಊಹೆ ಯಾವಾಗಲೂ ಜಾಸ್ತಿಯೇ ಇರುತ್ತದೆ. ಕ್ಯಾಲೆಂಡರ್ ತೆಗೆದು ಹೋದ ವರ್ಷ ‘ಅಯ್ಯೋ, ಪಿಕಪ್ ಇದ್ದಿದ್ದರೆ’ ಅನ್ನಿಸಿದ ದಿನಗಳನ್ನು ಗುರುತಿಸಿ. ನಾನು ನೂರು ಅಂದುಕೊಂಡಿದ್ದೆ, ಗುರುತು ಹಾಕಿದಾಗ 43 ಬಂತು. ಆದರೂ ಕೊಂಡೆ. ಬುಕ್ ಮಾಡುವುದು, ಹೋಗಿ ತರುವುದು, ತೊಳೆದು ವಾಪಸ್ ಕೊಡುವುದು ಪ್ರತಿ ಸಲ ಅರ್ಧ ದಿನ ತಿನ್ನುತ್ತಿತ್ತು, ಅದಕ್ಕೂ ಒಂದು ಬೆಲೆ ಕಟ್ಟಿದೆ. ಆದರೆ ಕೊಂಡದ್ದು ಆ ಭರ್ಜರಿ ಡಬಲ್ ಕ್ಯಾಬ್ ಅಲ್ಲ, ಎರಡನೇ ಸಲ ಬಾಡಿಗೆಗೆ ತಂದಿದ್ದ ತಗ್ಗು ಬಾಡಿಯ ಸಿಂಗಲ್ ಕ್ಯಾಬ್.

ಒಂದು ಖರ್ಚು ಯಾವ ಲೆಕ್ಕದಲ್ಲೂ ಬರುವುದಿಲ್ಲ. ನಿಮ್ಮ ಹತ್ತಿರ ಪಿಕಪ್ ಇದೆ ಅಂತ ಗೊತ್ತಾದ ದಿನದಿಂದ ಮನೆ ಬದಲಿಸುವ ಪರಿಚಯದವರೆಲ್ಲ ನಿಮಗೇ ಫೋನ್ ಮಾಡುತ್ತಾರೆ.

ಬಾಡಿಗೆಗೆ ತಂದಿದ್ದ ಅದೇ ಗಾಡಿ ಮಾರ್ತಾರಂತೆ. ತಗೋಬಹುದಾ?

ಬಾಡಿಗೆ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಗಾಡಿಗಳನ್ನು ಮಾರುತ್ತವೆ. ಸರ್ವಿಸ್ ದಾಖಲೆ ಇರುತ್ತದೆ, ಓಡಿಸಿಯೂ ನೋಡಿದ್ದೀರಿ, ಅದು ಒಳ್ಳೆಯದು. ಆದರೆ ಅದನ್ನು ಓಡಿಸಿದವರು ನೂರಾರು ಜನ, ನೂರಾರು ಕೈಯ ಕ್ಲಚ್ಚು ಅದು. ಗಾಡಿಯ ಅಡಿಯಲ್ಲಿ ಮಲಗಿ ನೋಡಿ. ಲೀಫ್ ಸ್ಪ್ರಿಂಗ್ ಚಪ್ಪಟೆಯಾಗಿದೆಯಾ, ಒಂದು ಪಕ್ಕ ಇನ್ನೊಂದಕ್ಕಿಂತ ತಗ್ಗಿದೆಯಾ, ಚಾಸಿಯಲ್ಲಿ ಬೆಸುಗೆ ಹಾಕಿದ ಗುರುತಿದೆಯಾ, ಬಾಡಿಯ ತಳದಲ್ಲಿ ಬಿರುಕಿದೆಯಾ. ಇವು ಮಿತಿ ಮೀರಿ ಹೊತ್ತದ್ದರ ಗುರುತು. ಬಾಡಿಯಲ್ಲಿ ಹೊಸ ಮ್ಯಾಟ್ ಹಾಸಿದ್ದರೆ ಅದನ್ನು ಎತ್ತಿ ನೋಡಿ.